40 ಮೈಕ್ರಾನಿನ ಮೇಲಿನ ಕೈಚಳಕ

ಕಪ್ಪು ಬಣ್ಣದ ಕಾರೊಂದು ಬಿಸಿಲಿನಲ್ಲಿ ನಿಂತಿದ್ದರೆ ಅದರ ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬ ಬಿದ್ದ ಜಾಗವನ್ನು ಒಮ್ಮೆ ನೋಡಿ. ಆ ಬೆಳಕಿನ ಚುಕ್ಕೆಯ ಸುತ್ತ ನವಿರಾದ ಗೆರೆಗಳು ವೃತ್ತ ವೃತ್ತವಾಗಿ ಸುತ್ತಿಕೊಂಡಿರುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ವೃತ್ತಗಳೂ ನಮ್ಮ ಜೊತೆಗೇ ಸರಿಯುತ್ತವೆ. ಯಾರೋ ಸುತ್ತಿ ಸುತ್ತಿ ಒರೆಸಿದ್ದಕ್ಕೆ ಹೀಗಾಗಿದೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಅಲ್ಲಿರುವ ಗೀರುಗಳಿಗೆ ನಿಜಕ್ಕೂ ಒಂದು ದಿಕ್ಕು ಎಂಬುದಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ, ಹೇಗೆಂದರೆ ಹಾಗೆ ಬಿದ್ದಿರುತ್ತವೆ. ಅವುಗಳಲ್ಲಿ ಬೆಳಕಿನ ಚುಕ್ಕೆಗೆ ಅಡ್ಡಲಾಗಿ ಬಿದ್ದವು ಮಾತ್ರ ನಮ್ಮ ಕಣ್ಣಿನತ್ತ ಬೆಳಕು ಚೆಲ್ಲುತ್ತವೆ, ಉಳಿದವು ಮರೆಯಾಗುತ್ತವೆ. ಹಾಗೆ ಕಂಡವೇ ಕೂಡಿಕೊಂಡು ವೃತ್ತಗಳಂತೆ ತೋರುತ್ತವೆ. ಕಾರಿನ ಪೇಂಟಿಗೆ ಪಾಲಿಶ್ ಮಾಡುವ ಕಸುಬಿನವರು ಅದಕ್ಕೆ ಸ್ವರ್ಲ್ ಎನ್ನುತ್ತಾರೆ. ಅವರ ಕೆಲಸದ ಬಹುಪಾಲು ಇರುವುದು ಇದನ್ನು ಇಲ್ಲವಾಗಿಸುವುದರಲ್ಲಿ.

ಡಬ್ಬಿಯಲ್ಲಿರುವ ಯಾವುದೋ ದ್ರವ್ಯವನ್ನು ತಂದು ಮೆತ್ತಿದರೆ ಹೊಳಪು ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಹೊಳಪು ಮೇಲ್ಮೈಯದೇ ಗುಣ. ಅದು ಸಮತಟ್ಟಾಗಿದ್ದರೆ ಬೆಳಕು ಬಂದ ಕೋನದಲ್ಲೇ ತಿರುಗಿ ಹೋಗುತ್ತದೆ, ಎದುರಿನ ಮರ, ಕಂಬ, ಮೋಡ ಎಲ್ಲ ಅಂಚು ಕಟ್ಟಿದಂತೆ ಸ್ಪಷ್ಟವಾಗಿ ಮೂಡುತ್ತವೆ. ಗೀರು ತುಂಬಿದ ಮೇಲ್ಮೈಯಲ್ಲಿ ಅದೇ ಬೆಳಕು ನಾನಾ ದಿಕ್ಕಿಗೆ ಚದರುತ್ತದೆ, ಕಪ್ಪು ಬೂದಿಯಾಗಿ, ಕೆಂಪು ಗುಲಾಬಿಯಾಗಿ ಮಂಕಾಗುತ್ತದೆ. ಹೊಳಪು ಬೇಕೆಂದರೆ ಮೇಲ್ಮೈಯನ್ನು ಮಟ್ಟ ಮಾಡಬೇಕು, ಮಟ್ಟ ಮಾಡಬೇಕೆಂದರೆ ಸವೆಸಬೇಕು. ಈ ಕಸುಬಿನ ಕಷ್ಟವೂ ಘನತೆಯೂ ಈ ಸವೆತದ ಲೆಕ್ಕದಲ್ಲೇ ಅಡಗಿವೆ.

ಇಂದಿನ ಕಾರಿನ ಮೈಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳು. ಉಕ್ಕಿಗೆ ತುಕ್ಕು ಹಿಡಿಯದಿರಲೆಂದು ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಕೂರಿಸುವ ಪದರ ಮೊದಲನೆಯದು. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹೊಳಪಿಗೆ ಕಾರಣವಾದ ಕ್ಲಿಯರ್ ಕೋಟಿನ ಪಾಲು ಅದರಲ್ಲಿ 40 ಮೈಕ್ರಾನಿನ ಆಸುಪಾಸು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವ ರಾಸಾಯನಿಕಗಳು ಇರುವುದೂ ಇದರೊಳಗೇ. ಗೀರು ಸವೆಸುವ ಬಿರುಸಾದ ಕಾಂಪೌಂಡ್ ಲೇಪದಲ್ಲಿ ಒಮ್ಮೆ ಉಜ್ಜಿದರೆ ಒಂದೆರಡು ಮೈಕ್ರಾನ್ ಹೋಗುತ್ತದೆ. ಹೋದದ್ದು ಮತ್ತೆ ಬೆಳೆಯುವುದಿಲ್ಲ. ಉಜ್ಜಿ ಉಜ್ಜಿ ತೆಳುವಾಗಿಸಿದ ಕ್ಲಿಯರ್ ಕೋಟ್ ಕೆಲವು ವರ್ಷದಲ್ಲಿ ಟಾಪಿನ ಮೇಲೆ, ಬಾನೆಟ್ಟಿನ ಮೇಲೆ ಬೆಳ್ಳಗೆ ಬಿರಿದು ಸಿಪ್ಪೆ ಏಳುತ್ತದೆ. ಆಗ ಯಾವ ಪಾಲಿಶೂ ನಡೆಯುವುದಿಲ್ಲ, ಪೇಂಟ್ ಮಾಡಿಸುವುದೊಂದೇ ದಾರಿ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಬಣ್ಣಕ್ಕೆ ಈ ಪಾರದರ್ಶಕ ಹೊದಿಕೆ ಇರಲಿಲ್ಲ. ಬಣ್ಣವೇ ಮೇಲ್ಮೈ. ಬಿಸಿಲಿಗೆ ಅದು ಸುಣ್ಣ ಬಳಿದಂತೆ ಮಂಕಾಗುತ್ತಿತ್ತು, ಪಾಲಿಶ್ ಹಚ್ಚಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಹಳೆಯ ಕಾರನ್ನು ಕೈಗೆತ್ತಿಕೊಳ್ಳುವ ಕುಶಲಿಗರು ಇಂದಿಗೂ ಮರೆಯಾದ ಒಂದು ಮೂಲೆಯಲ್ಲಿ ಉಜ್ಜಿ ಬಟ್ಟೆಯನ್ನು ನೋಡುತ್ತಾರೆ: ಬಣ್ಣ ಹತ್ತಿದರೆ ಹಳೆಯ ಪದ್ಧತಿಯ ಪೇಂಟು, ಬೆಳ್ಳಗಿದ್ದರೆ ಕ್ಲಿಯರ್ ಕೋಟ್. ಧರ್ಮಸ್ಥಳದ ಸಂಗ್ರಹಾಲಯದಲ್ಲಿರುವ ಹಳೆಯ ಕಾರುಗಳಂಥವನ್ನು ನೋಡುವಾಗ ಇನ್ನೂ ಹಿಂದಿನ ಕಥೆ ನೆನಪಾಗುತ್ತದೆ. ಕುದುರೆ ಗಾಡಿಗಳಿಗೆ ಬಳಿಯುತ್ತಿದ್ದ ವಾರ್ನಿಶನ್ನೇ ಮೊದಮೊದಲು ಕಾರುಗಳಿಗೂ ಬಳಿಯುತ್ತಿದ್ದರು. ಪದರದ ಮೇಲೆ ಪದರ ಬಳಿದು, ಒಣಗಿಸಿ, ಕಲ್ಲುಪುಡಿಯಲ್ಲಿ ಕೈಯಿಂದ ತಿಕ್ಕಿ ಮುಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತು. ಅಮೆರಿಕದ ಡ್ಯುಪಾಂಟ್ ಕಂಪನಿ ತಯಾರಿಸಿದ ಡ್ಯೂಕೋ ಎಂಬ ಬೇಗ ಒಣಗುವ ಲ್ಯಾಕರ್ 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳ ಮೇಲೆ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ಆದರೆ ಆ ಲ್ಯಾಕರಿಗೂ ತಾನಾಗಿ ಹೊಳೆಯುವ ಗುಣ ಕಡಿಮೆ. ಉಜ್ಜಿಯೇ ಹೊಳಪು ತರಿಸಬೇಕಿತ್ತು.

ಕೆಲಸ ಶುರುವಾಗುವುದು ನೀರಿನಿಂದ, ಕಾರು ಹಾಳಾಗುವುದೂ ಅಲ್ಲಿಂದಲೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಗ್ಗೆ ಒಬ್ಬರೇ ಸಾಲು ಸಾಲು ಕಾರುಗಳನ್ನು ಒರೆಸಬೇಕು. ಸಿಗುವುದು ಅರ್ಧ ಬಕೆಟ್ ನೀರು, ಒಂದು ಬಟ್ಟೆ. ಅವರ ಶ್ರಮದಲ್ಲಿ ಕೊರತೆಯಿಲ್ಲ, ಅವರ ಕೈಗೆ ಕೊಟ್ಟ ಸಾಮಾನಿನಲ್ಲಿದೆ. ರಸ್ತೆಯ ಧೂಳಿನಲ್ಲಿ ಸ್ಫಟಿಕ ಶಿಲೆಯ ಕಣಗಳು ಧಾರಾಳ. ಅವು ಗಾಜಿಗಿಂತಲೂ ಗಡುಸು, ಕ್ಲಿಯರ್ ಕೋಟ್ ಅವುಗಳ ಮುಂದೆ ತೀರ ಮೆತ್ತಗೆ. ಒಣ ಧೂಳಿನ ಮೇಲೆ ಬಟ್ಟೆ ಎಳೆದ ಪ್ರತಿ ಸಲವೂ ಗೀರು ಬೀಳುತ್ತದೆ. ಬಲ್ಲವರು ಮೊದಲು ನೀರು ಹಾಯಿಸಿ ಧೂಳನ್ನು ತಾನಾಗಿ ಇಳಿಯಬಿಡುತ್ತಾರೆ, ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳುತ್ತಾರೆ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಮೇಲಿನಿಂದ ಕೆಳಕ್ಕೆ ತೊಳೆಯುತ್ತ, ಪ್ರತಿ ಸಲ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿಯೇ ಮತ್ತೆ ಶಾಂಪೂವಿಗೆ ಅದ್ದುತ್ತಾರೆ. ಚಕ್ರಕ್ಕೆ ಬೇರೆಯೇ ಬಟ್ಟೆ. ಬೋರ್‌ವೆಲ್ ನೀರಾದರೆ ಬಿಸಿಲಿನಲ್ಲಿ ಒಣಗಲು ಬಿಡಬಾರದು, ಸುಣ್ಣದಂಶ ಬಿಳಿ ಉಂಗುರವಾಗಿ ಕೂರುತ್ತದೆ.

ತೊಳೆದ ಕಾರು ಕಣ್ಣಿಗೆ ಶುಚಿಯಾಗಿ ಕಂಡರೂ ಕೈಗೆ ಬೇರೆಯೇ ಹೇಳುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟು ಬಾನೆಟ್ ಸವರಿದರೆ ಉಪ್ಪುಕಾಗದದಂತೆ ಚುರುಚುರು ಎನ್ನುವುದು ತಿಳಿಯುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಟಾರು, ಮರದ ಅಂಟು ಅಲ್ಲಿ ಕಚ್ಚಿಕೊಂಡಿರುತ್ತವೆ. ಕಬ್ಬಿಣಕ್ಕೆಂದೇ ಇರುವ ದ್ರಾವಣ ಸಿಂಪಡಿಸಿದರೆ ಕಣವಿದ್ದ ಕಡೆಯಲ್ಲೆಲ್ಲ ನೇರಳೆ ಬಣ್ಣದ ಧಾರೆ ಇಳಿಯುತ್ತದೆ. ಬಿಳಿ ಕಾರಿನ ಮೇಲೆ ಅದನ್ನು ಮೊದಲ ಬಾರಿ ನೋಡಿದವರು ಬೆರಗಾಗದೆ ಇರಲಾರರು. ಉಳಿದದ್ದನ್ನು ಕ್ಲೇ ಬಾರ್ ಎಂಬ ಮೆತ್ತನೆಯ ಉಂಡೆ ಎತ್ತಿಕೊಳ್ಳುತ್ತದೆ. ಜಾರುವಂತೆ ದ್ರಾವಣ ಸಿಂಪಡಿಸಿ ಅದನ್ನು ಹಗುರವಾಗಿ ಓಡಿಸುತ್ತಾರೆ, ಕೊಳೆಯಾದ ಮುಖವನ್ನು ಒಳಕ್ಕೆ ಮಡಚಿ ಹೊಸ ಮುಖ ತೆಗೆಯುತ್ತಾರೆ.

ಇನ್ನು ಮುಖ್ಯ ಕೆಲಸ. ಒಳ್ಳೆಯ ಕೆಲಸಗಾರ ಮೆಷೀನ್ ಹಿಡಿಯುವ ಮೊದಲು ದಪ್ಪ ಅಳೆಯುವ ಪುಟ್ಟ ಮೀಟರನ್ನು ಹಿಡಿಯುತ್ತಾನೆ. ಪ್ರತಿ ಬಾಗಿಲಿಗೆ, ಫೆಂಡರಿಗೆ, ಟಾಪಿಗೆ ತಾಗಿಸಿ ಅಂಕಿ ನೋಡುತ್ತಾನೆ. ಒಂದು ಬಾಗಿಲಿನಲ್ಲಿ 120 ಇದ್ದು ಪಕ್ಕದ್ದರಲ್ಲಿ 300 ಬಂದರೆ ಅಲ್ಲಿ ಹಿಂದೆಂದೋ ಟಿಂಕರಿಂಗ್ ಆಗಿ ಮತ್ತೆ ಪೇಂಟ್ ಬಿದ್ದಿದೆ ಎಂದು ಊಹಿಸಬಹುದು. ಬೇರೆ ಕಡೆಗಿಂತ ಅಂಕಿ ತೀರ ಕಡಿಮೆ ಇದ್ದರೆ ಯಾರೋ ಈಗಾಗಲೇ ಬಹಳ ಉಜ್ಜಿದ್ದಾರೆಂದು ಅನುಮಾನ. ಅಲ್ಲಿ ಕೈ ಹಗುರ. ಆಮೇಲೆ ಬಾಗಿಲಿನ ಅಂಚು, ಬಾಡಿಯ ಏಣುಗೆರೆಗಳ ಮೇಲೆ ಟೇಪ್ ಅಂಟಿಸುತ್ತಾನೆ. ಸಿಂಪಡಿಸಿದ ಪೇಂಟು ಚೂಪಾದ ಏಣಿನಿಂದ ಆಚೀಚೆ ಸರಿದು ಅಲ್ಲಿ ತೆಳುವಾಗಿ ನಿಲ್ಲುತ್ತದೆ, ಮೆಷೀನಿನ ಒತ್ತಡ ಮಾತ್ರ ಅಲ್ಲೇ ಹೆಚ್ಚು ಬೀಳುತ್ತದೆ.

ಮುಂದಿನ ಹೆಜ್ಜೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಬಾನೆಟ್ಟಿನ ಮೇಲೆ ಎರಡಡಿ ಚೌಕದಷ್ಟು ಜಾಗ ಗುರುತಿಸಿಕೊಂಡು ಅಲ್ಲಿ ಪ್ರಯೋಗ ಮಾಡುತ್ತಾನೆ. ಮೊದಲು ಎಲ್ಲಕ್ಕಿಂತ ಮೆತ್ತನೆಯ ಫೋಮ್ ಪ್ಯಾಡು, ಎಲ್ಲಕ್ಕಿಂತ ನಯವಾದ ಪಾಲಿಶು. ಗೀರು ಹೋಯಿತೇ? ಹೋದರೆ ಇಡೀ ಕಾರಿಗೆ ಅಷ್ಟೇ ಸಾಕು. ಹೋಗದಿದ್ದರೆ ಒಂದು ಮೆಟ್ಟಿಲು ಬಿರುಸು, ಆಗಲೂ ಹೋಗದಿದ್ದರೆ ಇನ್ನೊಂದು. ಕಂಪನಿಯಿಂದ ಕಂಪನಿಗೆ ಕ್ಲಿಯರ್ ಕೋಟಿನ ಗಡಸುತನ ಬೇರೆ, ಹಾಗಾಗಿ ಹಿಂದಿನ ಕಾರಿನ ಪಾಠ ಈ ಕಾರಿಗೆ ಹೊಂದಬೇಕೆಂದಿಲ್ಲ. ಅವಸರದವರು ಮೊದಲೇ ರಬ್ಬಿಂಗ್ ಕಾಂಪೌಂಡಿನ ಡಬ್ಬಿ ತೆರೆಯುತ್ತಾರೆ. ಎಲ್ಲಕ್ಕಿಂತ ಕಡಿಮೆ ಸವೆತದಲ್ಲಿ ಕೆಲಸವಾಗುವ ದಾರಿಯನ್ನು ಹುಡುಕುವ ಈ ತಾಳ್ಮೆಯಿಂದಲೇ ನಾನು ಕುಶಲಿಯನ್ನು ಗುರುತಿಸುತ್ತೇನೆ.

ಪಾಲಿಶ್ ಎಂಬುದು ಅಲ್ಯೂಮಿನಿಯಂ ಆಕ್ಸೈಡಿನಂಥ ಗಡುಸಾದ ಪುಡಿಯನ್ನು ಅತಿ ನುಣ್ಣಗೆ ಮಾಡಿ ಎಣ್ಣೆ, ನೀರು, ದ್ರಾವಕಗಳಲ್ಲಿ ಕಲಸಿದ ಲೇಪ. ಕೆಲವು ಪಾಲಿಶ್‌ಗಳಲ್ಲಿ ಪುಡಿ ಉಜ್ಜಿದಂತೆಲ್ಲ ತಾನೂ ಒಡೆದು ಇನ್ನಷ್ಟು ನುಣ್ಣಗಾಗುತ್ತದೆ, ಶುರುವಿನಲ್ಲಿ ಕತ್ತರಿಸಿ ಕೊನೆಯಲ್ಲಿ ನಯಗೊಳಿಸುತ್ತದೆ. ಪ್ಯಾಡಿನ ಮೇಲೆ ನಾಲ್ಕೈದು ಹನಿ ಸಾಕು. ಮೊದಲು ಅಡ್ಡಸಾಲು, ಆಮೇಲೆ ಉದ್ದಸಾಲು, ಪ್ರತಿ ಸಾಲೂ ಹಿಂದಿನದರ ಅರ್ಧವನ್ನು ಹಾಯಬೇಕು. ಕೈ ಓಡಬಾರದು, ಸೆಕೆಂಡಿಗೆ ಒಂದೆರಡು ಅಂಗುಲದ ನಡಿಗೆ. ಒಂದೇ ಅಚ್ಚಿನ ಮೇಲೆ ಗಿರಗಿರ ತಿರುಗುವ ರೋಟರಿ ಮೆಷೀನು ಬೇಗ ಕತ್ತರಿಸುತ್ತದೆ, ಬೇಗ ಕಾಯುತ್ತದೆ. ಪಳಗದ ಕೈಯಲ್ಲಿ ಅದು ಬಾಲದಂಥ ಗೆರೆಗಳನ್ನು ಬಿಡುತ್ತದೆ, ಇಲ್ಲವೇ ಪೇಂಟನ್ನು ಸುಟ್ಟೇಬಿಡುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಅಪಾಯ ಇನ್ನೂ ಹೆಚ್ಚು, ಉಕ್ಕಿನಂತೆ ಅದು ಬಿಸಿಯನ್ನು ಹರಡಿಕೊಳ್ಳುವುದಿಲ್ಲ. ತಿರುಗುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಮೆಷೀನು ನಿಧಾನ, ಆದರೆ ಕ್ಷಮಿಸುವ ಗುಣವುಳ್ಳದ್ದು.

ಮೆಷೀನಿನ ಸದ್ದು, ಕೈಗೆ ತಟ್ಟುವ ಬಿಸಿ, ಲೇಪ ಪಾರದರ್ಶಕವಾಗುವ ಘಳಿಗೆ ಇವುಗಳನ್ನೇ ನೆಚ್ಚಿ ಕೆಲಸ ಮಾಡುವವರನ್ನು ನೋಡಿದಾಗ ನನಗೆ ಚನ್ನಪಟ್ಟಣದ ಬೊಂಬೆ ಕೆಲಸ ನೆನಪಾಗುತ್ತದೆ. ಅಲ್ಲೂ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ, ಕೇದಗೆ ಗರಿಯನ್ನು ಹಿಡಿದು ಹೊಳಪು ತರುತ್ತಾರೆ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅಲ್ಲೂ ಬೆರಳುಗಳೇ ಕಲಿಯಬೇಕು.

ಒಂದು ಭಾಗ ಮುಗಿದಾಗ ಪ್ರಾಮಾಣಿಕ ಕೆಲಸಗಾರ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಅದನ್ನು ಒರೆಸುತ್ತಾನೆ. ಪಾಲಿಶಿನ ಎಣ್ಣೆ ಗೀರುಗಳೊಳಗೆ ತುಂಬಿಕೊಂಡು ಅವನ್ನು ಮುಚ್ಚಿಡುತ್ತದೆ. ಎಣ್ಣೆ ತೆಗೆದ ಮೇಲೆ ಟಾರ್ಚು ಹಿಡಿದು ನೋಡಿದರೆ ಉಳಿದದ್ದೆಲ್ಲ ಕಾಣುತ್ತದೆ. ಅಂಗಡಿಯಿಂದ ಹೊರಡುವಾಗ ಫಳಫಳ ಹೊಳೆದ ಕಾರು ಎರಡು ಸಲ ತೊಳೆದ ಮೇಲೆ ಹಳೆಯ ಗೀರುಗಳನ್ನೇ ತೋರಿಸಿತು ಎಂದು ಕೊರಗುವವರನ್ನು ಕಂಡಿದ್ದೇನೆ. ಅಲ್ಲಿ ಈ ಒರೆಸುವಿಕೆ ನಡೆದಿರಲಾರದು.

ಎಲ್ಲ ಗೀರನ್ನೂ ತೆಗೆಯಬೇಕೆಂಬ ಹಟವೂ ತಪ್ಪು. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪೂರ್ತಿ ಅಳಿಸಲು ಹೋದರೆ ಸುತ್ತಲಿನ ಕ್ಲಿಯರ್ ಕೋಟನ್ನೆಲ್ಲ ಅದರ ಆಳಕ್ಕೆ ಇಳಿಸಬೇಕಾಗುತ್ತದೆ. ಅಂಚನ್ನು ತುಸು ನಯಗೊಳಿಸಿ, ಕಣ್ಣಿಗೆ ಕುಕ್ಕದಂತೆ ಮಾಡಿ, ಇದು ಇಷ್ಟೇ ಎಂದು ಗಿರಾಕಿಗೆ ಹೇಳಿ ನಿಲ್ಲಿಸುವವನ ಮೇಲೆ ನನಗೆ ಹೆಚ್ಚು ಗೌರವ.

ವ್ಯಾಕ್ಸಿನ ಪಾಳಿ ಬರುವುದು ಇದೆಲ್ಲ ಮುಗಿದ ಮೇಲೆ. ಹೆಸರಾಂತ ಕಾರ್ನೌಬಾ ವ್ಯಾಕ್ಸ್ ಬರುವುದು ಈಶಾನ್ಯ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದಿಂದ. ಸಿಯಾರಾ, ಪಿಯಾವಿ ರಾಜ್ಯಗಳ ಒಣ ಸೀಮೆಯಲ್ಲಿ ಆ ಮರ ತನ್ನ ಗರಿಗಳಿಂದ ನೀರು ಆರಿಹೋಗದಂತೆ ಮೇಣ ಹೊದ್ದುಕೊಳ್ಳುತ್ತದೆ. ಗರಿ ಕೊಯ್ದು ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿದರೆ ಇದಕ್ಕೆ 80 ಡಿಗ್ರಿಗೂ ಹೆಚ್ಚು ಬೇಕು, ಬಿಸಿಲಲ್ಲಿ ಕಾದ ಬಾನೆಟ್ಟಿನ ಮೇಲೂ ಅದು ತಾಳಿಕೊಳ್ಳುವುದು ಅದಕ್ಕೇ. ಶುದ್ಧ ರೂಪದಲ್ಲಿ ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಎಣ್ಣೆ, ದ್ರಾವಕ ಬೆರೆಸದೆ ಹಚ್ಚಲಾಗದು.

ಹಚ್ಚುವಾಗ ತೆಳುವಾದಷ್ಟೂ ಒಳ್ಳೆಯದು. ದಪ್ಪ ಮೆತ್ತಿದ್ದು ಹೇಗೂ ಒರೆಸುವ ಬಟ್ಟೆಗೇ ಹೋಗುತ್ತದೆ. ನೆರಳಿನಲ್ಲಿ, ತಣ್ಣಗಿರುವ ಮೈಮೇಲೆ ಹಚ್ಚಿ, ಮಂಜು ಕವಿದಂತೆ ಆರುವವರೆಗೆ ಬಿಟ್ಟು, ಬೆರಳಿನಿಂದ ಒಂದು ಗೆರೆ ಎಳೆದು ನೋಡಬೇಕು. ಗೆರೆ ಸ್ವಚ್ಛವಾಗಿ ಬಂದರೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬಹುದು, ಕಲೆಸಿಹೋದರೆ ಇನ್ನೂ ಕಾಯಬೇಕು. ಹೀಗೆ ಕೂತ ಪದರ ನಮ್ಮ ಮಳೆ ಬಿಸಿಲಿನಲ್ಲಿ ಒಂದೆರಡು ತಿಂಗಳು ಇರುತ್ತದೆ. ಸಿಂಥೆಟಿಕ್ ಸೀಲೆಂಟ್ ಅದಕ್ಕಿಂತ ಹೆಚ್ಚು ದಿನ, ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು. ಆದರೆ ಸೆರಾಮಿಕ್ಕಿನ ಕೆಳಗೆ ಗೀರು ಉಳಿದರೆ ಅದು ಅಷ್ಟೂ ಕಾಲ ಅಲ್ಲೇ ಉಳಿಯುತ್ತದೆ.

ವ್ಯಾಕ್ಸಿನ ಪದರ ಸಾಯಲೆಂದೇ ಇರುವುದು. ಹಕ್ಕಿಯ ಹಿಕ್ಕೆಯನ್ನು ಮೊದಲು ಇದು ತಾಳಿಕೊಳ್ಳುತ್ತದೆ, ಒರೆಸಲು ನಮಗೆ ಒಂದಷ್ಟು ಹೊತ್ತು ಸಿಗುತ್ತದೆ. ಮಾವು ಹೂ ಬಿಡುವ ಕಾಲದಲ್ಲಿ ಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಜಿಗಿಹುಳುಗಳ ಸಿಹಿ ಅಂಟು ಉದುರುತ್ತದೆ, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಮಂಗಳೂರಿನ ಕಡೆ ಉಪ್ಪುಗಾಳಿ. ಆಯುಧಪೂಜೆ ಹತ್ತಿರ ಬಂದಂತೆ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಕಾರುಗಳು ಸಾಲುಗಟ್ಟುವುದು ನಮಗೆಲ್ಲ ಗೊತ್ತು. ವ್ಯಾಕ್ಸ್ ಮಾಡಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ: ಬಾನೆಟ್ಟಿಗಿಟ್ಟ ಅರಿಶಿನ ಕುಂಕುಮದ ಬಣ್ಣ ಪೇಂಟಿಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಮರುದಿನವೇ ನೀರು ಹಾಕಿ, ಉಜ್ಜದೆ, ಶಾಂಪೂ ನೀರಿನಲ್ಲಿ ನೆನೆಸಿ ತೆಗೆದರೆ ಸಾಕು. ಒರೆಸುವಾಗ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತೆಂದರೆ ಅದನ್ನು ಕೊಡವಿ ಮತ್ತೆ ಪೇಂಟಿಗೆ ಮುಟ್ಟಿಸಬೇಡಿ. ಇನ್ನು ಅದು ಚಕ್ರ ಒರೆಸುವುದಕ್ಕೆ.