ಸಿ ಡ್ರೈವ್‌ನಲ್ಲೇ ಉಳಿದ ಹೆಸರುಗಳು

ಕಂಪ್ಯೂಟರ್ ತೀರಾ ನಿಧಾನವಾಯಿತೆಂದು ಸರ್ವೀಸಿನವರನ್ನು ಕರೆಸಿ, ವಿಂಡೋಸ್ ಎಕ್ಸ್‌ಪಿಯನ್ನು ಹೊಸದಾಗಿ ಹಾಕಿಸಿಕೊಂಡ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿತ್ತು: “ಎಲ್ಲಾ ಡಿ ಡ್ರೈವ್‌ಗೆ ಹಾಕಿದ್ದೀನಿ ಸಾರ್, ಏನೂ ಹೋಗಲ್ಲ.” ಹೇಳಿದವನು ಸುಳ್ಳು ಹೇಳಿರಲಿಲ್ಲ. ಡಿ ಡ್ರೈವ್ ತೆರೆದರೆ ಮದುವೆಯ ಫೋಟೊಗಳಿದ್ದವು, ಹಾಡುಗಳಿದ್ದವು, ಅಂಗಡಿಯ ಲೆಕ್ಕವಿತ್ತು, ಮಗಳ ಪ್ರಾಜೆಕ್ಟ್ ರಿಪೋರ್ಟಿತ್ತು. ಎರಡು ದಿನ ಬಿಟ್ಟು ಊರಾಚೆಯ ನೆಂಟರಿಗೆ ಇಮೇಲ್ ಬರೆಯಲೆಂದು ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು ‘ಟು’ ಗುಂಡಿ ಒತ್ತಿದಾಗ ಮಾತ್ರ ಗೊತ್ತಾಗುತ್ತಿತ್ತು, ಪಟ್ಟಿ ಖಾಲಿ. ನಾಲ್ಕೈದು ವರ್ಷ ಒಂದೊಂದಾಗಿ ಕೂಡಿಟ್ಟ ವಿಳಾಸಗಳಲ್ಲಿ ಒಂದೂ ಇಲ್ಲ.

ಇದಕ್ಕೆ ಬಳಸುವವರ ಅಜಾಗ್ರತೆಯೇ ಕಾರಣವೆಂದು ಹೇಳುವುದು ಸುಲಭ. ಆದರೆ ಆ ಹೆಸರುಗಳು ಇದ್ದ ಜಾಗ ನೋಡಿದರೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಸಿ ಡ್ರೈವ್‌ನಲ್ಲಿ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’, ಅದರೊಳಗೆ ಬಳಕೆದಾರರ ಹೆಸರಿನ ಫೋಲ್ಡರ್, ಅದರೊಳಗೆ ‘ಅಪ್ಲಿಕೇಶನ್ ಡೇಟಾ’, ಅದರೊಳಗೆ ‘ಮೈಕ್ರೋಸಾಫ್ಟ್’, ಅದರೊಳಗೆ ‘ಅಡ್ರೆಸ್ ಬುಕ್’. ಅಲ್ಲಿ ‘ಡಬ್ಲ್ಯೂಎಬಿ’ ಎಂದು ಕೊನೆಗೊಳ್ಳುವ ಒಂದೇ ಒಂದು ಫೈಲು. ನಡುವಿನ ‘ಅಪ್ಲಿಕೇಶನ್ ಡೇಟಾ’ ಫೋಲ್ಡರನ್ನು ವಿಂಡೋಸ್ ಮರೆಮಾಡಿಟ್ಟಿರುತ್ತಿತ್ತು. ಸೆಟ್ಟಿಂಗ್ ಬದಲಿಸದ ಹೊರತು ಕಣ್ಣಿಗೆ ಬೀಳುವಂತಿರಲಿಲ್ಲ. ಬಂದ ಇಮೇಲ್ ಕಾಗದಗಳಾದರೂ ಇದರ ಜೊತೆಗಿದ್ದವೇ ಎಂದರೆ ಅದೂ ಇಲ್ಲ. ಅವು ‘ಲೋಕಲ್ ಸೆಟ್ಟಿಂಗ್ಸ್’ ಎಂಬ ಬೇರೆ ಮೂಲೆಯಲ್ಲಿ, ಉದ್ದನೆಯ ಅಂಕಿ–ಅಕ್ಷರಗಳ ಹೆಸರಿನ ಫೋಲ್ಡರಿನೊಳಗೆ, ‘ಡಿಬಿಎಕ್ಸ್’ ಫೈಲುಗಳಾಗಿ ಕೂತಿದ್ದವು. ಕಷ್ಟಪಟ್ಟು ಕಾಗದಗಳನ್ನು ಹುಡುಕಿ ಉಳಿಸಿಕೊಂಡವರೂ ವಿಳಾಸಗಳನ್ನು ಕಳೆದುಕೊಂಡದ್ದು ಹೀಗೆ.

ಜನರ ಹೆಸರುಗಳು ಇಂಥ ಅಡಗುತಾಣಕ್ಕೆ ಹೋಗಿ ಸೇರಿದ ಕಥೆ ವಿಂಡೋಸ್‌ಗಿಂತ ಬಹಳ ಹಳೆಯದು.

1971ರಲ್ಲಿ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದ ಮೇಲೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದಾಗ, ಬಳಕೆದಾರನ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಚಿಹ್ನೆ ಇಟ್ಟರು. ಆಗ ಆ ಜಾಲದಲ್ಲಿದ್ದ ಯಂತ್ರಗಳು ಬೆರಳೆಣಿಕೆಯಷ್ಟು. ಯಾರು ಎಲ್ಲಿದ್ದಾರೆಂದು ತಿಳಿಯಲು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದು ಮಾಹಿತಿ ಕೇಂದ್ರವಿತ್ತು. ಮುಂದೆ ಅದನ್ನು ನಡೆಸಿದವರು ಎಲಿಜಬೆತ್ ಫೈನ್ಲರ್. ‘ಜೇಕ್’ ಎಂದೇ ಎಲ್ಲರೂ ಕರೆಯುತ್ತಿದ್ದ ಮಹಿಳೆ. ಅರ್ಪಾನೆಟ್ ಬಳಸುವವರ ಹೆಸರು, ಸಂಸ್ಥೆ, ಅಂಚೆ ವಿಳಾಸ, ಫೋನ್ ನಂಬರು, ಇಮೇಲ್ ಎಲ್ಲವನ್ನೂ ಕಲೆಹಾಕಿ ಅವರ ಬಳಗ ಡೈರೆಕ್ಟರಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸುತ್ತಿತ್ತು. ಅಂದಿನ ಮಟ್ಟಿಗೆ ಅದು ಊರಿಗೆಲ್ಲ ಒಂದೇ ವಿಳಾಸಪುಸ್ತಕ. ಒಬ್ಬರ ಯಂತ್ರ ಕೆಟ್ಟು ಹೊಸದಾಗಿ ಸಜ್ಜು ಮಾಡಿದರೂ ಪುಸ್ತಕ ಕಪಾಟಿನಲ್ಲಿ ಭದ್ರವಾಗಿರುತ್ತಿತ್ತು.

ಜಾಲ ಬೆಳೆದಂತೆ ಎಲ್ಲರ ಹೆಸರನ್ನೂ ಒಂದೇ ಪುಸ್ತಕದಲ್ಲಿ ಹಿಡಿಯುವುದು ಆಗದ ಮಾತಾಯಿತು. ತನಗೆ ಬೇಕಾದವರ ಪಟ್ಟಿಯನ್ನು ತಾನೇ ಇಟ್ಟುಕೊಳ್ಳುವ ಪದ್ಧತಿ ಬಂತು. 1978ರಲ್ಲಿ ಬರ್ಕ್‌ಲಿಯಲ್ಲಿ ಕರ್ಟ್ ಶೋನ್ಸ್ ಬರೆದ ಮೇಲ್ ಪ್ರೋಗ್ರಾಂನಲ್ಲಿ ಒಂದು ಸಣ್ಣ ಪಠ್ಯ ಫೈಲಿಗೆ ‘ಈ ಅಡ್ಡಹೆಸರೆಂದರೆ ಈ ವಿಳಾಸ’ ಎಂದು ಸಾಲು ಸಾಲಾಗಿ ಬರೆದಿಟ್ಟುಕೊಳ್ಳಬಹುದಿತ್ತು. ಸ್ಟೀವ್ ಡಾರ್ನರ್ 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಯೂಡೋರಾ ಕೂಡ ಇವುಗಳನ್ನು ಅಡ್ಡಹೆಸರು ಎಂದೇ ಕರೆಯಿತು. ಮರುವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಪೈನ್’ ವಿಳಾಸಗಳನ್ನು ಸರಳ ಪಠ್ಯದ ಫೈಲೊಂದರಲ್ಲಿ ಇಡುತ್ತಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ಮೇಲೆ, ಅಕ್ಷರವಷ್ಟೇ ಕಾಣುವ ಅಗ್ಗದ ಶೆಲ್ ಖಾತೆ ಪಡೆದವರು ಕಪ್ಪು ಪರದೆಯ ಮೇಲೆ ಇಮೇಲ್ ಓದಿದ್ದು ಇದೇ ಪೈನ್‌ನಲ್ಲಿ. ಆ ಫೈಲು ಇರುತ್ತಿದ್ದುದು ವಿಎಸ್‌ಎನ್‌ಎಲ್‌ನ ಯಂತ್ರದಲ್ಲಿ. ಮನೆಯ ಕಂಪ್ಯೂಟರ್ ಎಷ್ಟು ಸಲ ಫಾರ್ಮ್ಯಾಟ್ ಆದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ.

ದಾರಿ ಕವಲೊಡೆದದ್ದು ಇದರ ನಂತರ. 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ಔಟ್‌ಲುಕ್ ಎಕ್ಸ್‌ಪ್ರೆಸ್ ಬಿಟ್ಟಿಯಾಗಿ ಬಂತು. ವಿಳಾಸಗಳು ಸರಳ ಪಠ್ಯ ಬಿಟ್ಟು, ಬೇರೆ ಪ್ರೋಗ್ರಾಂ ಓದಲಾಗದ ಡಬ್ಲ್ಯೂಎಬಿ ರೂಪಕ್ಕೆ ಹೋದವು. ನೆಟ್‌ಸ್ಕೇಪ್‌ನವರು ಇನ್ನೂ ಜಟಿಲವಾದ ‘ಮೋರ್ಕ್’ ಎಂಬ ರೂಪ ತಂದರು. ಅದೇ ಸಂಸ್ಥೆಯಲ್ಲಿದ್ದ ಜೇಮಿ ಜವಿನ್‌ಸ್ಕಿ ಅದನ್ನು ಬಹಿರಂಗವಾಗಿಯೇ ಕಟುವಾಗಿ ಟೀಕಿಸಿದರು. ಆದರೂ ಆ ರೂಪ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂಗೆ ಬಳುವಳಿಯಾಗಿ ಬಂದು, 2020ರ 78ನೇ ಆವೃತ್ತಿಯಲ್ಲಿ ಎಸ್‌ಕ್ಯೂಲೈಟ್‌ಗೆ ಜಾಗ ಬಿಡುವವರೆಗೂ ಉಳಿಯಿತು.

ಆಫೀಸುಗಳ ಪಾಡು ಇನ್ನೊಂದು ಬಗೆಯದು. ಅಲ್ಲಿದ್ದದ್ದು ಎಕ್ಸ್‌ಪ್ರೆಸ್ ಅಲ್ಲ, ಹಣ ಕೊಟ್ಟು ಕೊಳ್ಳುವ ದೊಡ್ಡ ಔಟ್‌ಲುಕ್. ಇದರಲ್ಲಿ ಕಾಗದ, ಕ್ಯಾಲೆಂಡರ್, ಸಂಪರ್ಕ ಎಲ್ಲವೂ ಒಂದೇ ಪಿಎಸ್‌ಟಿ ಫೈಲಿನಲ್ಲಿ. ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟು, ವಿಂಡೋಸ್ ಹಾಕಿಸಿ, ಫೈಲನ್ನು ವಾಪಸ್ ತೆರೆದರೆ ಸಂಪರ್ಕಗಳ ಫೋಲ್ಡರಿನಲ್ಲಿ ಎಲ್ಲ ಹೆಸರೂ ಕಾಣುತ್ತವೆ. ಸಮಾಧಾನದಿಂದ ಹೊಸ ಕಾಗದ ತೆಗೆದು ‘ಟು’ ಒತ್ತಿದರೆ ಪಟ್ಟಿ ತೋರಿಸಲಾಗದು ಎಂಬ ಸಂದೇಶ! ಹೆಸರುಗಳು ಕಣ್ಣೆದುರೇ ಇವೆ, ಕೈಗೆ ಬರುವುದಿಲ್ಲ.

ಇದರ ಬೇರು 1990ರ ದಶಕದ ಮೊದಲ ಭಾಗದಲ್ಲಿದೆ. ಮೈಕ್ರೋಸಾಫ್ಟ್ ತನ್ನ ಮೇಲ್ ವ್ಯವಸ್ಥೆಯನ್ನು ಕಟ್ಟುವಾಗ ಕಾಗದ ಇಡುವ ಉಗ್ರಾಣವನ್ನೂ ವಿಳಾಸ ಒದಗಿಸುವ ಸೇವೆಯನ್ನೂ ಬೇರೆ ಬೇರೆಯಾಗಿ ಇಟ್ಟಿತು. ಕಂಪನಿಯ ಸರ್ವರ್ ವಿಳಾಸಗಳನ್ನು ಒಂದು ಕಡೆಯಿಂದ ಕೊಡಲಿ, ನೌಕರರ ಸ್ವಂತ ಪಟ್ಟಿ ಇನ್ನೊಂದು ಕಡೆಯಿಂದ ಬರಲಿ ಎಂಬ ಆಲೋಚನೆ. ವಿಂಡೋಸ್ 95ರ ಕಾಲದಲ್ಲಿ ಸ್ವಂತ ಪಟ್ಟಿಗೆಂದೇ ‘ಪಿಎಬಿ’ ಎಂಬ ಪ್ರತ್ಯೇಕ ಫೈಲಿತ್ತು. 1997ರಲ್ಲಿ ಔಟ್‌ಲುಕ್ ಬಂದಾಗ ಸಂಪರ್ಕಗಳು ಉಗ್ರಾಣದೊಳಗಿನ ಫೋಲ್ಡರಿಗೆ ಬಂದವು. ಆದರೆ ‘ಟು’ ಗುಂಡಿ ಹುಡುಕುವುದು ಈಗಲೂ ವಿಳಾಸ ಸೇವೆಯಲ್ಲೇ. ಎರಡರ ನಡುವೆ ‘ಔಟ್‌ಲುಕ್ ಅಡ್ರೆಸ್ ಬುಕ್’ ಎಂಬ ಸೇತುವೆ ಹಾಕಿದರು. ಪಿಎಸ್‌ಟಿ ಫೈಲಿನ ಜೊತೆ ಈ ಸೇತುವೆ ಬರುವುದಿಲ್ಲ. ಅದು ಹಳೆಯ ವಿಂಡೋಸ್‌ನ ಪ್ರೊಫೈಲಿನಲ್ಲಿತ್ತು, ಫಾರ್ಮ್ಯಾಟ್‌ನಲ್ಲಿ ಹೋಯಿತು.

ರಿಪೇರಿ ಮಾತ್ರ ಎರಡು ನಿಮಿಷದ್ದು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಅಡ್ರೆಸ್ ಬುಕ್ಸ್’ ಪುಟಕ್ಕೆ ಹೋಗಿ ಆ ಸೇವೆ ಇದೆಯೇ ನೋಡಬೇಕು. ಇಲ್ಲದಿದ್ದರೆ ಸೇರಿಸಿ, ಔಟ್‌ಲುಕ್ ಮುಚ್ಚಿ ತೆರೆಯಬೇಕು. ಆಮೇಲೆ ಸಂಪರ್ಕಗಳ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಈ ಫೋಲ್ಡರನ್ನು ವಿಳಾಸಪುಸ್ತಕವಾಗಿ ತೋರಿಸು ಎಂಬ ಚೌಕಕ್ಕೆ ಗುರುತು ಹಾಕಬೇಕು. ಈ ಚೌಕ ತಿಳಿಯದೆ ನೂರಾರು ವಿಳಾಸಗಳನ್ನು ಕೈಯಿಂದ ಮತ್ತೆ ತುಂಬುವಂತಾದರೆ ಅದಕ್ಕಿಂತ ಅನ್ಯಾಯ ಬೇರಿಲ್ಲ.

ಅಡ್ರೆಸ್ ಬುಕ್ ಮುಟ್ಟದೆಯೇ ವರ್ಷಗಟ್ಟಲೆ ಇಮೇಲ್ ಮಾಡಿದವರೂ ಇದ್ದಾರೆ. ಎರಡು ಅಕ್ಷರ ಹೊಡೆದರೆ ಪೂರ್ತಿ ವಿಳಾಸ ತಾನಾಗಿ ಕೆಳಗೆ ಬರುತ್ತದೆ. ಅದನ್ನೇ ಅಡ್ರೆಸ್ ಬುಕ್ ಎಂದು ನಂಬಿದವರು ಇವರು. ಔಟ್‌ಲುಕ್ 2007ರವರೆಗೂ ಆ ನೆನಪು ‘ಎನ್‌ಕೆ2’ ಎಂಬ ಬೇರೆ ಫೈಲಿನಲ್ಲಿ ಇರುತ್ತಿತ್ತು, ಅದೂ ಮರೆಮಾಡಿದ ಫೋಲ್ಡರಿನಲ್ಲಿಯೇ. ಫೈಲಿಗೆ ಪ್ರೊಫೈಲಿನ ಹೆಸರೇ ಹೆಸರು. ಹೊಸ ಪ್ರೊಫೈಲಿಗೆ ಬೇರೆ ಹೆಸರಿಟ್ಟಿದ್ದರೆ, ಹಳೆಯ ಫೈಲನ್ನು ತಂದಿಟ್ಟರೂ ಹೆಸರು ಬದಲಿಸುವ ತನಕ ಔಟ್‌ಲುಕ್ ಅದನ್ನು ಗುರುತಿಸುವುದಿಲ್ಲ.

ಈ ಗುರುತಿಸದಿರುವ ಪೇಚು ಎಕ್ಸ್‌ಪಿಯಲ್ಲಿ ಮನುಷ್ಯರಿಗೂ ಹಬ್ಬಿತ್ತು. ಹೊಸದಾಗಿ ಹಾಕಿದ ವಿಂಡೋಸ್ ಪ್ರತಿ ಬಳಕೆದಾರರಿಗೂ ಹೊಸ ಗುರುತಿನ ಸಂಖ್ಯೆ ಕೊಡುತ್ತದೆ. ಹೆಸರು ಅದೇ ಇರಬಹುದು, ಪಾಸ್‌ವರ್ಡೂ ಅದೇ ಇರಬಹುದು. ಯಂತ್ರದ ಲೆಕ್ಕದಲ್ಲಿ ಇವರು ಬೇರೆಯವರು. ಹಾಗಾಗಿ ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೇ ಹಾಕಿದ ಕಡೆಗಳಲ್ಲಿ, ತಮ್ಮದೇ ಹಳೆಯ ಫೋಲ್ಡರ್ ತೆರೆಯಹೋದವರಿಗೆ ಪ್ರವೇಶವಿಲ್ಲ ಎಂಬ ಉತ್ತರ ಸಿಗುತ್ತಿತ್ತು. ಅಡ್ಮಿನಿಸ್ಟ್ರೇಟರ್ ಆಗಿ ಫೋಲ್ಡರಿನ ಒಡೆತನವನ್ನು ತಮ್ಮ ಹೆಸರಿಗೆ ಮಾಡಿಕೊಂಡರೆ ಬಾಗಿಲು ತೆರೆಯುತ್ತದೆ. ಎಕ್ಸ್‌ಪಿ ಹೋಮ್ ಆವೃತ್ತಿಯಲ್ಲಿ ಅದಕ್ಕೆ ಬೇಕಾದ ‘ಸೆಕ್ಯುರಿಟಿ’ ಪುಟ ಸೇಫ್ ಮೋಡ್‌ನಲ್ಲಿ ಮಾತ್ರ ಕಾಣುತ್ತಿತ್ತು. ಸರ್ವೀಸಿನವರಲ್ಲೂ ಇದು ಬಲ್ಲವರಿಗಷ್ಟೇ ತಿಳಿದಿದ್ದ ಗುಟ್ಟು. ವಿಸ್ಟಾದಿಂದ ಈಚೆಗೆ ಹಳೆಯ ವ್ಯವಸ್ಥೆ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ಹೋಗಿ ಕೂರುತ್ತದೆ. ವಿಂಡೋಸ್ 10 ಅದನ್ನು ಹತ್ತು ದಿನವಷ್ಟೇ ಕಾಯ್ದು ಅಳಿಸಿಬಿಡುತ್ತದೆ. ಹುಡುಕುವುದಿದ್ದರೆ ಆ ವಾರವೇ ಹುಡುಕಬೇಕು.

ಥಂಡರ್‌ಬರ್ಡ್‌ನಲ್ಲೂ ಹೋಲುವ ತೊಂದರೆ ಉಂಟು. ಅದು ಎಲ್ಲವನ್ನೂ ಒಂದೇ ಪ್ರೊಫೈಲ್ ಫೋಲ್ಡರಿನಲ್ಲಿ ಇಡುವುದರಿಂದ, ಅದೊಂದನ್ನು ಉಳಿಸಿದರೆ ಕಾಗದ, ವಿಳಾಸ ಎರಡೂ ಉಳಿಯುತ್ತವೆ. ಇದು ಅದರ ದೊಡ್ಡ ಉಪಕಾರ. ಆದರೆ ಹೊಸದಾಗಿ ಹಾಕಿದ ಪ್ರೋಗ್ರಾಂ ತನಗೊಂದು ಹೊಸ ಪ್ರೊಫೈಲ್ ಮಾಡಿಕೊಂಡು ಖಾಲಿ ಪಟ್ಟಿ ತೋರಿಸಬಹುದು. ಹಳೆಯದು ಪಕ್ಕದ ಫೋಲ್ಡರಿನಲ್ಲಿ ಹಾಗೇ ಇರುತ್ತದೆ. ಪ್ರೊಫೈಲ್ ಮ್ಯಾನೇಜರ್ ತೆರೆದು ಅದನ್ನು ಆರಿಸಿದರಾಯಿತು.

ಒಂದು ಪ್ರೋಗ್ರಾಂನ ಪಟ್ಟಿ ಇನ್ನೊಂದಕ್ಕೆ ಅರ್ಥವಾಗಬೇಕೆಂಬ ಪ್ರಯತ್ನ ನಡೆಯದೇ ಇರಲಿಲ್ಲ. ಆ್ಯಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಸೇರಿ ಮಾಡಿಕೊಂಡ ವರ್ಸಿಟ್ ಒಕ್ಕೂಟ 1995ರಲ್ಲಿ ‘ವಿಕಾರ್ಡ್’ ಅನ್ನು ಮುಂದಿಟ್ಟಿತು. ಒಬ್ಬ ವ್ಯಕ್ತಿಗೆ ಒಂದು ಚೀಟಿ. ಹೆಸರಿಗೊಂದು ಸಾಲು, ಫೋನಿಗೊಂದು, ಇಮೇಲಿಗೊಂದು. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಓದಬಹುದು. 1998ರಲ್ಲಿ ಮೂರನೆಯ, 2011ರಲ್ಲಿ ನಾಲ್ಕನೆಯ ಆವೃತ್ತಿ ಇಂಟರ್ನೆಟ್ ಮಾನದಂಡವಾಗಿ ಬಂದವು. ಇಷ್ಟು ದಿನದ ಗೋಜಲಿನಲ್ಲಿ ಜನರ ಪರವಾಗಿ ಆದ ಒಳ್ಳೆಯ ಕೆಲಸವೆಂದರೆ ಇದೇ.

ಕನ್ನಡದಲ್ಲಿ ಹೆಸರು ಬರೆದಿಟ್ಟವರಿಗೆ ಮಾತ್ರ ಇಲ್ಲೊಂದು ಹೆಚ್ಚಿನ ಗಂಡಾಂತರ ಕಾದಿತ್ತು. ಬರಹ, ನುಡಿ ತಂತ್ರಾಂಶಗಳ ಮೊದಲ ದಿನಗಳಲ್ಲಿ ಕನ್ನಡ ಅಕ್ಷರವೆಂದರೆ ಫಾಂಟಿನ ವೇಷ ತೊಟ್ಟ ಲ್ಯಾಟಿನ್ ಸಂಕೇತ. ಅಡ್ರೆಸ್ ಬುಕ್‌ನಂಥ ಕಡೆ ಆ ಫಾಂಟ್ ಹಾಕಲು ಅವಕಾಶವಿರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದೇ ದಾರಿಯಾಗಿತ್ತು. ಯೂನಿಕೋಡ್ ಬಂದಮೇಲೆ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನ ಜೊತೆ ಕನ್ನಡ ಸರಿಯಾಗಿ ಕಂಡಿತು. ಆಮೇಲಿನ ಅಪಾಯ ಸಾಗಿಸುವಾಗಿನದು. ಹಳೆಯ ಎಎನ್‌ಎಸ್‌ಐ ಸಂಕೇತದಲ್ಲಿ ಸಿಎಸ್‌ವಿ ಫೈಲ್ ಬರೆಯುವ ಪ್ರೋಗ್ರಾಂ, ತನಗೆ ಗೊತ್ತಿಲ್ಲದ ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಹಾಗಾದ ಹೆಸರು ಹೋದಂತೆಯೇ, ಯಾವ ಉಪಾಯದಿಂದಲೂ ಬರುವುದಿಲ್ಲ. ವಿಕಾರ್ಡ್‌ನ ಹಳೆಯ 2.1 ಆವೃತ್ತಿಯಲ್ಲಿ ಕಾಣುವುದು ಇದಲ್ಲ. ಅಲ್ಲಿ ‘ಕ’ ಎಂಬ ಒಂದಕ್ಷರ ಸಮ ಚಿಹ್ನೆಗಳ ನಡುವೆ ಇ0, ಬಿ2, 95 ಎಂದು ಒಂಬತ್ತು ಗುರುತುಗಳಾಗುತ್ತದೆ, ‘ಕಮಲ’ ಇಪ್ಪತ್ತೇಳಾಗುತ್ತದೆ. ನೋಡಿದವರು ಫೈಲ್ ಕೆಟ್ಟಿದೆ ಎಂದು ಅಳಿಸುವ ಮೊದಲು ಒಂದು ಕ್ಷಣ ತಡೆಯಬೇಕು. ಆ ಹೆಸರು ಅಲ್ಲಿ ಪೂರ್ತಿಯಾಗಿ, ಕ್ಷೇಮವಾಗಿದೆ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದಾಗ ಕಾಗದದ ಜೊತೆ ವಿಳಾಸವೂ ಮತ್ತೆ ದೂರದ ಸರ್ವರ್ ಸೇರಿತು. 2004ರ ಜಿಮೇಲ್ ಅದನ್ನೇ ರೂಢಿ ಮಾಡಿತು. ಫಾರ್ಮ್ಯಾಟ್‌ನ ಭಯ ಹೋಯಿತು. ಬದಲಿಗೆ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುವ ಹೊಸ ಭಯ ಬಂತು. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಮೂವತ್ತು ದಿನದೊಳಗಿನ ಯಾವುದೇ ಸ್ಥಿತಿಗೆ ಪಟ್ಟಿಯನ್ನು ಹಿಂದಿರುಗಿಸುವ ಸೌಲಭ್ಯ ಇರುವುದು ಇದಕ್ಕೇ.

ಅಟ್ಟದ ಮೇಲೆ ಹಳೆಯ ಹಾರ್ಡ್‌ಡಿಸ್ಕ್ ಇಟ್ಟುಕೊಂಡವರಿಗೆ ಇನ್ನೂ ದಾರಿಯಿದೆ. ಅದನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ, ಮರೆಮಾಡಿದ ಫೋಲ್ಡರುಗಳನ್ನೂ ಸೇರಿಸಿ ಡಬ್ಲ್ಯೂಎಬಿ ಫೈಲು ಹುಡುಕಬೇಕು. ಅದು ಕೆಟ್ಟಿದ್ದರೆ ಪಕ್ಕದಲ್ಲೇ ಅದೇ ಹೆಸರಿನ, ‘ಡಬ್ಲ್ಯೂಎ’ ಆದಮೇಲೆ ಅಲೆಯಂಥ ಚಿಹ್ನೆಯಿರುವ ಇನ್ನೊಂದು ಫೈಲಿರುತ್ತದೆ. ಅದು ವಿಂಡೋಸ್ ತಾನಾಗಿ ತೆಗೆದಿಟ್ಟ ಪ್ರತಿ. ಕೊನೆಯ ಚಿಹ್ನೆ ತೆಗೆದು ‘ಬಿ’ ಹಾಕಿದರೆ ತೆರೆಯುತ್ತದೆ. ವಿಂಡೋಸ್ 7 ಅಥವಾ 10ರ ‘ಕಾಂಟ್ಯಾಕ್ಟ್ಸ್’ ಫೋಲ್ಡರಿನ ಇಂಪೋರ್ಟ್ ಗುಂಡಿ ಈ ಫೈಲನ್ನು ಓದಬಲ್ಲದು, ಅಲ್ಲಿಂದ ವಿಕಾರ್ಡ್ ಆಗಿ ಹೊರತೆಗೆಯಬಹುದು. ಒಬ್ಬೊಬ್ಬರಿಗೆ ಒಂದೊಂದು ಫೈಲಿನಂತೆ ಬರುವ ಅವುಗಳನ್ನು ಕಾಪಿ ಆಜ್ಞೆಯಿಂದ ಒಂದೇ ಫೈಲಾಗಿ ಜೋಡಿಸಿ ಫೋನಿಗೆ ಹಾಕಿದರೆ, ವಿಎಸ್‌ಎನ್‌ಎಲ್ ವಿಳಾಸಗಳ ಎದುರು ಹಳೆಯ ಸಹೋದ್ಯೋಗಿಯ ಹೆಸರು, ಅಮೆರಿಕಕ್ಕೆ ಹೋದ ಗೆಳತಿಯ ಹೆಸರು, ದೊಡ್ಡಪ್ಪ ತಮ್ಮ ಕೈಯಾರೆ ಹೊಡೆದ ತಮ್ಮದೇ ಹೆಸರು ಸಾಲಾಗಿ ಬಂದು ನಿಲ್ಲುತ್ತವೆ.