ಎಳೆಯುವ ತಂತಿ, ಮರಳಿಸುವ ಸ್ಪ್ರಿಂಗು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಜ್ಞಾನಭಾರತಿಗೆ ಸಮೀಪವಾಗಿರುವ ನಾಗರಬಾವಿಯಲ್ಲಿ ನನ್ನ ಸೋದರಮಾವನವರ ಮನೆ ಇದೆ. ಅವರಲ್ಲಿ ಹಳೆಯ ಕಾರೊಂದು ಉಂಟು. ಅದರ ಕಾರ್ಬ್ಯುರೇಟರು ಸವೆದುಹೋದುದರಿಂದ ಬೇರೊಂದು ಮಾದರಿಯ ಕಾರ್ಬ್ಯುರೇಟರನ್ನು ಜೋಡಿಸಬೇಕಾಯಿತು. ಹಳೆಯ ಥ್ರಾಟಲ್ ಕೇಬಲು ಹೊಸದಕ್ಕೆ ಎಟುಕಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ ಉದ್ದನೆಯ ಕೇಬಲನ್ನು ತಂದು, ಹೆಚ್ಚಾಗಿ ಉಳಿದ ಭಾಗವನ್ನು ಒಂದು ಸುತ್ತು ಸುತ್ತಿ ಕಟ್ಟಿದ್ದಾಯಿತು. ಮರುದಿನ ವರ್ತುಲ ರಸ್ತೆಯಲ್ಲಿ ಮಾವನವರು ಆಕ್ಸಿಲರೇಟರನ್ನು ಪೂರ್ತಿಯಾಗಿ ತುಳಿದು ಕಾಲೆತ್ತಿದರು. ಪೆಡಲು ಮೇಲೇಳಲಿಲ್ಲ, ಎಂಜಿನಿನ ಆರ್ಭಟವೂ ತಗ್ಗಲಿಲ್ಲ. ಅವರು ಧೃತಿಗೆಡದೆ ಬ್ರೇಕು, ಕ್ಲಚ್ಚುಗಳನ್ನು ಒತ್ತಿ, ಬೀಗದಕೈಯನ್ನು ತಿರುಗಿಸಿ ಎಂಜಿನನ್ನು ಆರಿಸಿದುದರಿಂದ ಅಪಾಯವು ತಪ್ಪಿತು.

ಕೇಬಲು ಹೊಸದು, ಕಾರ್ಬ್ಯುರೇಟರಿನಲ್ಲಿಯೂ ದೋಷವಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿದ್ದಿತು? ಕೇಬಲಿಗೆ ಹಾಕಿದ ಆ ಒಂದು ಸುತ್ತಿನಲ್ಲಿ. ಅದು ಹೇಗೆಂಬುದನ್ನು ವಿಚಾರಿಸೋಣ.

ಕಾರ್ಬ್ಯುರೇಟರಿನ ಒಳಗೆ ಗಾಳಿಯು ಹಾದುಹೋಗುವ ಕೊಳವೆ ಒಂದೆಡೆ ಕಿರಿದಾಗಿದೆ. ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ. ಬರ್ನೂಲಿಯ ತತ್ತ್ವದಂತೆ ಒತ್ತಡ ಕಡಮೆಯಾಗುತ್ತದೆ. ಆದುದರಿಂದ ಸಣ್ಣ ರಂಧ್ರವೊಂದರಿಂದ ಪೆಟ್ರೋಲು ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಕೊಳವೆಯಲ್ಲಿ ನಾಣ್ಯದಂತಹ ದುಂಡು ತಗಡೊಂದು ಅಚ್ಚಿನ ಮೇಲೆ ತಿರುಗುವಂತೆ ಇರುತ್ತದೆ. ಇದೇ ಥ್ರಾಟಲ್ ಕವಾಟ. ಪೆಡಲನ್ನು ಒತ್ತುವ ಚಾಲಕನು ಪೆಟ್ರೋಲನ್ನು ನೇರವಾಗಿ ಸುರಿಯುತ್ತಿಲ್ಲ; ಈ ಕವಾಟವನ್ನು ತೆರೆದು ಗಾಳಿಗೆ ದಾರಿ ಬಿಡುತ್ತಿದ್ದಾನೆ. ಪೆಟ್ರೋಲು ಗಾಳಿಯನ್ನು ಹಿಂಬಾಲಿಸುತ್ತದೆ.

ಪೆಡಲಿನಿಂದ ಕವಾಟಕ್ಕೆ ಚಲನೆಯನ್ನು ಒಯ್ಯುವುದು ಕೇಬಲಿನ ಕೆಲಸ. ಇಂತಹ ಕೇಬಲಿಗೆ ಅರ್ನೆಸ್ಟ್ ಬೌಡನ್ ಎಂಬಾತನ 1896ರ ಬ್ರಿಟಿಷ್ ಪೇಟೆಂಟಿನಿಂದ ಬೌಡನ್ ಕೇಬಲೆಂಬ ಹೆಸರು ಬಂದಿದೆ. ಸೈಕಲಿನ ಬ್ರೇಕಿನಲ್ಲಿ ನೀವೆಲ್ಲರೂ ಇದನ್ನು ಕಂಡಿದ್ದೀರಿ. ಒಳಗೆ ಉಕ್ಕಿನ ಎಳೆಗಳ ತಂತಿ, ಹೊರಗೆ ಬಾಗುವ ಕವಚ. ತಂತಿ ಎಷ್ಟು ಬಲದಿಂದ ಎಳೆಯಲ್ಪಡುವುದೋ ಕವಚವು ಅಷ್ಟೇ ಬಲದಿಂದ ಅದುಮಲ್ಪಡುವುದು. ಆದುದರಿಂದ ಕವಚದ ಎರಡು ತುದಿಗಳೂ ಗಟ್ಟಿಯಾದ ಆಸರೆಗೆ ಊರಿಕೊಂಡಿರಬೇಕು. ಕಾರ್ಬ್ಯುರೇಟರನ್ನು ಬದಲಿಸಿದಾಗ ಹಳೆಯ ಆಸರೆಪಟ್ಟಿ ತಕ್ಕ ಸ್ಥಳದಲ್ಲಿ ಇರುವುದಿಲ್ಲ. ತೆಳುವಾದ ತಗಡಿನಿಂದ ಹೊಸ ಪಟ್ಟಿಯನ್ನು ಮಾಡಿದರೆ ಅದೇ ಬಾಗಿ, ಪೆಡಲಿನ ಚಲನೆಯ ಒಂದು ಪಾಲು ವ್ಯರ್ಥವಾಗುವುದು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ತಂತಿಯು ಎಳೆಯಬಲ್ಲದು, ತಳ್ಳಲಾರದು. ಕವಾಟವನ್ನು ತೆರೆಯುವುದು ಚಾಲಕನ ಕಾಲು. ಮುಚ್ಚುವುದು ಕಾರ್ಬ್ಯುರೇಟರಿನ ಬಳಿಯಿರುವ ಸ್ಪ್ರಿಂಗು. ಈ ಸ್ಪ್ರಿಂಗು ಕವಾಟವನ್ನಷ್ಟೇ ಅಲ್ಲ, ತಂತಿಯನ್ನೂ ಪೆಡಲನ್ನೂ ಹಿಂದಕ್ಕೆ ಸೆಳೆಯಬೇಕು. ಅದಕ್ಕೆ ಅಡ್ಡಬರುವುದು ಘರ್ಷಣೆ.

ಬೆದರಿದ ಹೋರಿಯನ್ನು ತಡೆಯಲು ರೈತನು ಹಗ್ಗವನ್ನು ಮರಕ್ಕೆ ಒಂದೆರಡು ಸುತ್ತು ಹಾಕುವುದನ್ನು ನೋಡಿದ್ದೀರಷ್ಟೆ. ಆಗ ಹೋರಿಯ ಬಲವೆಲ್ಲವೂ ಮರದ ಮೇಲಿನ ಘರ್ಷಣೆಯಲ್ಲಿ ಕರಗಿ, ಒಂದೇ ಕೈಯಿಂದ ಹಗ್ಗವನ್ನು ಹಿಡಿದು ನಿಲ್ಲಬಹುದು. ಇದರ ಗಣಿತವನ್ನು 18ನೆಯ ಶತಮಾನದಲ್ಲಿ ಆಯ್ಲರ್ ವಿವರಿಸಿದನು. ತಿರುವಿನ ಕೋನವು ಸಮಾಂತರ ಶ್ರೇಢಿಯಲ್ಲಿ ಹೆಚ್ಚಿದರೆ, ಎರಡು ತುದಿಗಳ ಬಲಗಳ ನಿಷ್ಪತ್ತಿಯು ಗುಣೋತ್ತರ ಶ್ರೇಢಿಯಲ್ಲಿ ಹೆಚ್ಚುತ್ತದೆ. ತಂತಿಗೂ ಕವಚಕ್ಕೂ ನಡುವಣ ಘರ್ಷಣಾಂಕವು 0.15 ಎಂದಿಟ್ಟುಕೊಂಡರೆ, ಪ್ರತಿ 180 ಡಿಗ್ರಿ ತಿರುವಿಗೂ ನಿಷ್ಪತ್ತಿಯನ್ನು ಸುಮಾರು 1.6ರಿಂದ ಗುಣಿಸಬೇಕು.

ಮಾವನವರ ಕಾರಿನಲ್ಲಿ ಕೇಬಲಿನ ಸಹಜವಾದ ಬಾಗುಗಳೇ ಒಟ್ಟಿಗೆ 180 ಡಿಗ್ರಿ ಇದ್ದುವು. ಅದರ ಮೇಲೆ ಒಂದು ಪೂರ್ಣ ಸುತ್ತು, ಎಂದರೆ 360 ಡಿಗ್ರಿ. ಒಟ್ಟು 540 ಡಿಗ್ರಿ. ನಿಷ್ಪತ್ತಿ ಸುಮಾರು 4.1. ಸ್ಪ್ರಿಂಗು 10 ನ್ಯೂಟನ್ ಬಲದಿಂದ ಸೆಳೆಯುವುದಾದರೆ, ಕವಾಟವನ್ನು ತೆರೆಯಲು ಪೆಡಲಿನ ಕಡೆಯ ತುದಿಯನ್ನು 41 ನ್ಯೂಟನ್ ಬಲದಿಂದ ಎಳೆಯಬೇಕು. ಚಾಲಕನ ಕಾಲಿಗೆ ಇದು ದೊಡ್ಡದಲ್ಲ. ಆದುದರಿಂದಲೇ ದೋಷವು ಗಮನಕ್ಕೆ ಬರಲಿಲ್ಲ. ಆದರೆ ಕಾಲೆತ್ತಿದಾಗ ಅದೇ 10 ನ್ಯೂಟನ್ನಿನಲ್ಲಿ ಪೆಡಲನ್ನು ತಲಪುವುದು ಕೇವಲ 2.4 ನ್ಯೂಟನ್! ಪೆಡಲಿನ ಭಾರವನ್ನು ಎತ್ತಲು 3 ನ್ಯೂಟನ್ ಬೇಕಾದರೆ, ಅದು ಕೆಳಗೇ ಉಳಿಯುವುದು. ಕವಾಟವೂ ತೆರೆದೇ ಇರುವುದು. ಕೇಬಲನ್ನು ತಕ್ಕಷ್ಟು ಕತ್ತರಿಸಿ, ಒಟ್ಟು ತಿರುವನ್ನು 120 ಡಿಗ್ರಿಗೆ ಇಳಿಸಿದ ಮೇಲೆ ನಿಷ್ಪತ್ತಿ 1.37 ಆಯಿತು. ಈಗ ಪೆಡಲಿಗೆ 7.3 ನ್ಯೂಟನ್ ದೊರೆಯುತ್ತದೆ. ಸ್ಪ್ರಿಂಗನ್ನು ಬದಲಿಸದೆಯೇ ಅದರ ಫಲವು ಮೂರುಪಟ್ಟಾಯಿತು.

ಸುತ್ತನ್ನು ದೊಡ್ಡದಾಗಿ ಮಾಡಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಆಯ್ಲರನ ಸೂತ್ರದಲ್ಲಿ ತ್ರಿಜ್ಯದ ಪ್ರಸ್ತಾಪವೇ ಇಲ್ಲ, ಕೋನವೊಂದೇ ಮುಖ್ಯ. ಆದರೆ ತಂತಿಯ ಆಯುಷ್ಯಕ್ಕೆ ತ್ರಿಜ್ಯವೂ ಮುಖ್ಯವಾದುದು. 1.5 ಮಿಲಿಮೀಟರ್ ದಪ್ಪದ ಒಂಟಿ ತಂತಿಯನ್ನು 50 ಮಿಲಿಮೀಟರ್ ತ್ರಿಜ್ಯಕ್ಕೆ ಬಗ್ಗಿಸಿದರೆ ಅದರ ಹೊರಮೈ ನೂರಕ್ಕೆ 1.5ರಷ್ಟು ಹಿಗ್ಗಬೇಕಾಗುತ್ತದೆ. ಉಕ್ಕು ಇದನ್ನು ತಾಳದೆ ಶಾಶ್ವತವಾಗಿ ಸೊಟ್ಟಗಾಗುವುದು. ಅದೇ ದಪ್ಪವನ್ನು 0.3 ಮಿಲಿಮೀಟರಿನ 19 ಎಳೆಗಳಿಂದ ಹೊಸೆದರೆ, ಒಂದೊಂದು ಎಳೆಯ ಹಿಗ್ಗುವಿಕೆ ಅದರ ಐದನೆಯ ಒಂದಂಶ ಮಾತ್ರ. ಕೇಬಲು ಬಳುಕುವ ಗುಟ್ಟು ಇದೇ. ಒಂದು ಎಳೆ ಕಡಿದು ಮುಳ್ಳಿನಂತೆ ಎದ್ದರೂ ಅದು ಕವಚದಲ್ಲಿ ಸಿಕ್ಕಿಕೊಳ್ಳುವುದು. ಅಂತಹ ಕೇಬಲನ್ನು ಮತ್ತೆ ಬಳಸಬಾರದು.

ಇನ್ನು ಚಲನೆಯ ಅಳತೆ. ಕವಾಟವು ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯಲು 80 ಡಿಗ್ರಿ ತಿರುಗಬೇಕೆನ್ನೋಣ. ಅದರ ಸನ್ನೆಯ ತೋಳು 30 ಮಿಲಿಮೀಟರ್ ಇದ್ದರೆ ತಂತಿಯು ಸುಮಾರು 39 ಮಿಲಿಮೀಟರ್ ಸರಿಯಬೇಕು. ತೋಳು 40 ಇದ್ದರೆ ಸುಮಾರು 51. ಪೆಡಲು 39 ಮಿಲಿಮೀಟರ್ ಮಾತ್ರ ಎಳೆಯುವಲ್ಲಿ ಉದ್ದನೆಯ ತೋಳಿನ ಕಾರ್ಬ್ಯುರೇಟರನ್ನು ಕೂಡಿಸಿದರೆ ಕವಾಟವು 58 ಡಿಗ್ರಿಯಲ್ಲೇ ನಿಲ್ಲುವುದು. ಕಾರು ಏರಿನಲ್ಲಿ ಏದುಸಿರು ಬಿಡುವುದು. ಇದಕ್ಕೆ ವಿರುದ್ಧವಾಗಿ, ಪೆಡಲಿನ ಚಲನೆ ಹೆಚ್ಚಾಗಿದ್ದರೆ ಕವಾಟ ಪೂರ್ತಿ ತೆರೆದ ಮೇಲೂ ಕಾಲು ಒತ್ತುತ್ತಲೇ ಇರುವುದು. ಆಗ ಭಾರವೆಲ್ಲ ತಂತಿಯ ಮೇಲೆಯೇ ಬಿದ್ದು ಅದು ಬೇಗ ಕಡಿಯುವುದು. ಆದುದರಿಂದ ಪೆಡಲಿನ ಕೆಳಗೆ ಒಂದು ತಡೆಯನ್ನು ಇಡಬೇಕು.

ಜೋಡಣೆ ಮುಗಿದ ಮೇಲೆ ಎಂಜಿನನ್ನು ಹೊತ್ತಿಸುವ ಮೊದಲೇ ಪರೀಕ್ಷೆ ನಡೆಯಬೇಕು. ಗಾಳಿಶೋಧಕವನ್ನು ತೆಗೆದು, ಒಬ್ಬರು ಪೆಡಲನ್ನು ಒತ್ತುತ್ತಿರುವಾಗ ಇನ್ನೊಬ್ಬರು ಕವಾಟವನ್ನು ನೋಡಬೇಕು. ಕಾಲೆತ್ತಿದೊಡನೆ ಅದು ಟಪ್ಪನೆ ಮುಚ್ಚಬೇಕು. ಮುಚ್ಚಿದಾಗ ತಂತಿಯಲ್ಲಿ ಒಂದೆರಡು ಮಿಲಿಮೀಟರ್ ಸಡಿಲವಿರಬೇಕು; ಏಕೆಂದರೆ ಎಂಜಿನು ರಬ್ಬರಿನ ಆಸರೆಗಳ ಮೇಲೆ ಓಲಾಡುವಾಗ ಬಿಗಿಯಾದ ತಂತಿಯು ಕವಾಟವನ್ನು ತಾನೇ ಎಳೆಯಬಹುದು. ಬಿಸಿಯಾದ ಹೊಗೆಕೊಳವೆಯಿಂದ ಕೇಬಲನ್ನು ದೂರವಿಡಬೇಕು. ಮರಳಿಸುವ ಸ್ಪ್ರಿಂಗುಗಳು ಎರಡಿರುವುದು ಲೇಸು. ಒಂದು ಮುರಿದರೂ ಇನ್ನೊಂದು ಕವಾಟವನ್ನು ಮುಚ್ಚುವುದು.

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರು ಇಲ್ಲ. ಹೆಚ್ಚಿನವುಗಳಲ್ಲಿ ಥ್ರಾಟಲ್ ಕೇಬಲಿನ ಬದಲು ವಿದ್ಯುತ್ ಮೋಟಾರು ಕವಾಟವನ್ನು ತಿರುಗಿಸುತ್ತದೆ. ಆದರೂ ಹಳೆಯ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಮೂಲ ಬಿಡಿಭಾಗಗಳು ಸಿಗದಾಗ ಬೇರೆಯವನ್ನು ಜೋಡಿಸುವುದು ಅವರಿಗೆ ಅನಿವಾರ್ಯ.

ವಿದ್ಯಾರ್ಥಿಗಳು ಈ ತತ್ತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸೈಕಲ್ ಬ್ರೇಕಿನ ಕೇಬಲೊಂದನ್ನು ತೆಗೆದುಕೊಳ್ಳಿ. ತಂತಿಯ ಒಂದು ತುದಿಗೆ ಒಂದು ಕಿಲೋಗ್ರಾಂ ತೂಕವನ್ನು ಕಟ್ಟಿ, ಕವಚವನ್ನು ಭದ್ರವಾಗಿ ಹಿಡಿದು, ಇನ್ನೊಂದು ತುದಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ನಿಧಾನವಾಗಿ ಎಳೆಯಿರಿ. ಕೇಬಲಿಗೆ ಅರ್ಧ ಸುತ್ತು, ಒಂದು ಸುತ್ತು, ಒಂದೂವರೆ ಸುತ್ತು ಕೊಟ್ಟು ತಕ್ಕಡಿಯ ಅಂಕೆಗಳನ್ನು ಬರೆದುಕೊಳ್ಳಿ. ಪ್ರತಿಯೊಂದು ಅಂಕೆಯನ್ನೂ ಅದರ ಹಿಂದಿನ ಅಂಕೆಯಿಂದ ಭಾಗಿಸಿದಾಗ ಹೆಚ್ಚುಕಡಮೆ ಒಂದೇ ಸಂಖ್ಯೆ ಬರುತ್ತದೆಯೇ, ನೋಡಿ. ಬಂದರೆ, ಮರಕ್ಕೆ ಸುತ್ತಿದ ಹೋರಿಯ ಹಗ್ಗಕ್ಕೂ ನಾಗರಬಾವಿಯ ಕಾರಿಗೂ ಇರುವ ನಂಟನ್ನು ನಿಮ್ಮ ಕೈಯಾರೆ ಅಳೆದಂತಾಯಿತು.