ಹಲ್ಲಿಗೊಂದು ದೀಪ

ಸಂಕ್ರಾಂತಿಯ ಕಬ್ಬು ನನ್ನ ಬಾಯಿಂದ ‘ದ’ಕಾರವನ್ನು ಕಸಿದುಕೊಂಡಿತು. ಹಬ್ಬಕ್ಕೆಂದು ಭದ್ರಾವತಿಯ ಅಣ್ಣನ ಮನೆಗೆ ಹೋಗಿದ್ದೆ. ವಯಸ್ಸನ್ನು ಮರೆತು ಕಬ್ಬಿನ ಗಿಣ್ಣನ್ನು ಹಲ್ಲಿನಿಂದಲೇ ಸಿಗಿಯಹೊರಟೆ. ಮುಂದಿನ ಮೇಲ್ಹಲ್ಲೊಂದರ ಅರ್ಧಭಾಗ ಸಿಪ್ಪೆಯೊಡನೆ ಹೊರಬಂದಿತು. ಮನೆಯ ಮಕ್ಕಳು ನಕ್ಕರು, ನಾನೂ ನಕ್ಕೆ. ರಜೆ ಮುಗಿದು ಶಿವಮೊಗ್ಗದ ತರಗತಿಯಲ್ಲಿ ನಿಂತಾಗ ಮಾತ್ರ ನಗು ಬರಲಿಲ್ಲ. ಕನ್ನಡ ಪಾಠ ಹೇಳುವವನಿಗೆ ಹಲ್ಲು ಬರಿಯ ಅಲಂಕಾರವಲ್ಲ, ಉಪಕರಣ. ತವರ್ಗಕ್ಕೆ ದಂತ್ಯವೆಂದು ನಮ್ಮ ವೈಯಾಕರಣರು ಸುಮ್ಮನೆ ಹೆಸರಿಡಲಿಲ್ಲ. ನಾಲಗೆ ತಾಗಬೇಕಾದೆಡೆಯಲ್ಲಿ ಈಗ ಸಂದು; ‘ಸ’ಕಾರವೆಲ್ಲ ಸಿಳ್ಳು.

ಆಗ ತಂದೆಯವರು ನೆನಪಾದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಅವರು ಸಂಜೆಯಾದರೆ ಜಗಲಿಯಲ್ಲಿ ಕುಳಿತು ಕುಮಾರವ್ಯಾಸಭಾರತವನ್ನು ರಾಗವಾಗಿ ಓದುತ್ತಿದ್ದರು. ಮುಂದಿನ ಹಲ್ಲುಗಳು ಹೋದ ಮೇಲೆ ಹಲ್ಲಿನ ಸೆಟ್ಟು ಬಂದಿತು. ಊಟಕ್ಕೆ ಅದು ಒದಗಿತು, ಓದಿಗೆ ಒದಗಲಿಲ್ಲ. ಭಾರತ ಕಪಾಟು ಸೇರಿತು. ನನ್ನ ಪಾಡೂ ಹಾಗೆಯೇ ಆದೀತೆಂಬ ಅಳುಕಿನಿಂದಲೇ ಶಿವಮೊಗ್ಗದ ದಂತವೈದ್ಯೆಯೊಬ್ಬರಲ್ಲಿಗೆ ಹೋದೆ.

ಹಲ್ಲನ್ನು ಕೀಳುವ ಮಾತನ್ನು ಅವರು ಎತ್ತಲೇ ಇಲ್ಲ. ಮುರಿದ ಅಂಚಿಗೆ ಫಾಸ್ಫಾರಿಕ್ ಆಮ್ಲದ ಲೇಪವನ್ನು ಹಚ್ಚಿ ತೊಳೆದರು. ಅದರಿಂದ ಹಲ್ಲಿನ ಮೈ ತರಿತರಿಯಾಗಿ, ಅಂಟು ಹಿಡಿಯಲು ನೆಲೆಯಾಗುತ್ತದಂತೆ. ಅಂಟನ್ನು ಸವರಿ, ಕಣಕದಂತಹ ಬಿಳಿಯ ಮುದ್ದೆಯನ್ನು ತುಸುತುಸುವಾಗಿ ಮೆತ್ತಿ, ಕಿತ್ತಳೆ ಬಣ್ಣದ ತೆರೆಯನ್ನು ಅಡ್ಡ ಹಿಡಿದು ನೀಲಿ ದೀಪವೊಂದನ್ನು ಬಾಯೊಳಗೆ ಹಾಯಿಸಿದರು. 20 ಸೆಕೆಂಡು ಕಳೆಯುವುದರಲ್ಲಿ ಮುದ್ದೆ ಕಲ್ಲಾಗಿತ್ತು.

“ಬರಿಯ ಬೆಳಕಿಗೆ ಇದು ಹೇಗಮ್ಮ ಗಟ್ಟಿಯಾಯಿತು?” ಎಂದೆ.

“ಇದರಲ್ಲಿ ಕರ್ಪೂರದ ಸಂತಾನವೊಂದು ಇದೆ, ಮೇಷ್ಟ್ರೆ” ಎಂದರು.

ಮನೆಗೆ ಬಂದು ಪುಸ್ತಕಗಳನ್ನು ತಿರುವಿ ಹಾಕಿದಾಗ ಆ ಮಾತು ಅಕ್ಷರಶಃ ನಿಜವೆಂದು ತಿಳಿಯಿತು. ಕರ್ಪೂರವನ್ನು ಉತ್ಕರ್ಷಿಸಿದರೆ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ಪುಡಿ ದೊರೆಯುತ್ತದೆ. 468 ನ್ಯಾನೊಮೀಟರಿನ ಆಸುಪಾಸಿನ ನೀಲಿ ಬೆಳಕು ಅದಕ್ಕೆ ಪ್ರಿಯ. ಆ ಬೆಳಕನ್ನು ಹೀರಿ ಕೆರಳಿದ ಅದರ ಅಣು, ಪಕ್ಕದಲ್ಲೇ ಬೆರೆಸಿಟ್ಟ ಅಮೈನ್ ಅಣುವಿನಿಂದ ಒಂದು ಹೈಡ್ರೊಜನ್ನನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ಅಮೈನಿನಲ್ಲಿ ಜೋಡಿಯಿಲ್ಲದ ಒಂಟಿ ಇಲೆಕ್ಟ್ರಾನು ಉಳಿಯುತ್ತದೆ. ಇಂತಹ ಅಣುವೇ ಮುಕ್ತ ರ‍್ಯಾಡಿಕಲ್. ಮೋಸೆಸ್ ಗೋಂಬರ್ಗ್ 1900ರಲ್ಲಿ ಮೊದಲು ತೋರಿಸಿಕೊಟ್ಟದ್ದು. ಜೋಡಿಯನ್ನು ಅರಸುವ ಅದು ಮುದ್ದೆಯ ಮೆಥಾಕ್ರಿಲೇಟ್ ಅಣುವಿನ ಇಮ್ಮಡಿ ಬಂಧವನ್ನು ಬಿಡಿಸಿ ಅಲ್ಲಿ ಅಂಟಿಕೊಳ್ಳುತ್ತದೆ. ಆದರೆ ಒಂಟಿತನ ನೀಗುವುದಿಲ್ಲ. ಸರಪಳಿಯ ತುದಿಗೆ ಸರಿಯುತ್ತದೆ, ಅಷ್ಟೆ. ತುದಿ ಮತ್ತೊಂದು ಅಣುವನ್ನು ಹಿಡಿಯುತ್ತದೆ, ಅದು ಇನ್ನೊಂದನ್ನು. ಒಂದೊಂದು ಅಣುವಿಗೂ ಇಂತಹ ಎರಡೆರಡು ಕೈಗಳಿರುವುದರಿಂದ ಸರಪಳಿಗಳು ಅಡ್ಡಡ್ಡ ಹೆಣೆದು ಬಲೆಯಾಗುತ್ತವೆ. ಮುದ್ದೆ ಕಲ್ಲಾಗುವುದು ಹೀಗೆ.

ತಂದೆಯವರ ಹಲ್ಲಿನ ಸೆಟ್ಟೂ ಇದೇ ಕುಲದ್ದು. ಅಲ್ಲಿ ಕಿಡಿ ಹೊತ್ತಿಸಿದ್ದು ಬೆಳಕಲ್ಲ, ಕಾವು. ಬೆಂಜಾಯಿಲ್ ಪೆರಾಕ್ಸೈಡ್ ಬೆರೆಸಿದ ಹಿಟ್ಟನ್ನು ಅಚ್ಚಿನಲ್ಲಿಟ್ಟು ಸುಮಾರು 70 ಡಿಗ್ರಿಗೂ ಮೀರಿ ಬಿಸಿನೀರಿನಲ್ಲಿ ಬೇಯಿಸಿದರೆ ಆ ಪೆರಾಕ್ಸೈಡು ಒಡೆದು ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಬಾಯೊಳಗೆ ಯಾರು ತಾನೇ ಬೇಯಿಸಿಯಾರು? ಆದ್ದರಿಂದ ಅದನ್ನು ಹೊರಗೆ ಮಾಡಿ ತಂದು ತೊಡಿಸಬೇಕು. ಇನ್ನೊಂದು ಸೋಜಿಗವುಂಟು. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿದ ಕಾಲದಲ್ಲಿ ಮಲೆನಾಡಿನ ಮರವನ್ನು ಅಲ್ಲಿ ಭಟ್ಟಿಯಿಳಿಸಿ, ಇದ್ದಲಿನ ಜೊತೆಗೆ ಮೀಥೈಲ್ ಆಲ್ಕೊಹಾಲನ್ನೂ ಪಡೆಯುತ್ತಿದ್ದರು. ಹಲ್ಲಿನ ಸೆಟ್ಟಿನ ಮೀಥೈಲ್ ಮೆಥಾಕ್ರಿಲೇಟಿಗೆ ಮೂಲವಸ್ತುಗಳಲ್ಲಿ ಒಂದು ಇದೇ ಆಲ್ಕೊಹಾಲು. ತಂದೆಯವರ ಕಾರ್ಖಾನೆಗೂ ಅವರ ಬಾಯಿಗೂ ರಸಾಯನದ ನಂಟು ಇದ್ದೇ ಇತ್ತು.

ಬೆಳಕಿನ ಕೆಲಸಕ್ಕೂ ಮಿತಿಗಳಿವೆ. ಅದು ಮುದ್ದೆಯೊಳಗೆ ಸುಮಾರು 2 ಮಿಲಿಮೀಟರಿಗಿಂತ ಆಳಕ್ಕೆ ಸಾಕಷ್ಟು ಇಳಿಯದು. ಅದಕ್ಕೇ ವೈದ್ಯೆ ಪದರಪದರವಾಗಿ ಮೆತ್ತಿದ್ದು. ಗಾಳಿಯ ಆಮ್ಲಜನಕ ರ‍್ಯಾಡಿಕಲ್‌ಗಳನ್ನು ನಡುವೆಯೇ ತಡೆಯುವುದರಿಂದ ಮೇಲಿನ ತೆಳುಪೊರೆ ಜಿಗುಟಾಗಿಯೇ ಉಳಿಯುತ್ತದೆ. ಅದನ್ನು ಉಜ್ಜಿ ತೆಗೆಯಬೇಕು. ಅಣುಗಳು ಹತ್ತಿರ ಸರಿಯುವಾಗ ಮುದ್ದೆ ತುಸು ಕುಗ್ಗುತ್ತದೆ. ಅಜಾಗರೂಕರಾದರೆ ಅಂಚಿನಲ್ಲಿ ಬಿರುಕು. ಕಿತ್ತಳೆ ತೆರೆ ಇದ್ದದ್ದು ನೀಲಿ ಬೆಳಕು ಕಣ್ಣನ್ನು ನೋಯಿಸದಿರಲೆಂದು.

ಆರತಿಯ ಕರ್ಪೂರ ತಾನು ಉರಿದು ಬೆಳಕಾಗುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ. ಈ ಕರ್ಪೂರ ಬೆಳಕನ್ನು ನುಂಗಿ ಹಲ್ಲನ್ನು ಉಳಿಸಿತು. ಏಳುವ ಮೊದಲು ವೈದ್ಯೆ, “ಮೇಷ್ಟ್ರೆ, ಇನ್ನು ಮುಂದೆ ಕಬ್ಬನ್ನು ಕತ್ತಿಯಿಂದಲೇ ಸಿಗಿಯಿರಿ. ಇದೂ ಸವೆಯುವಂಥದೇ” ಎಂದು ಎಚ್ಚರಿಸಿದ್ದರು.

ಮುಂದಿನ ಭಾನುವಾರ ಅಣ್ಣನ ಮನೆಗೆ ಹೋಗಿ, ಕಪಾಟಿನಿಂದ ತಂದೆಯವರ ಭಾರತವನ್ನು ತೆಗೆದು ಧೂಳು ಕೊಡವಿದೆ. ಜಗಲಿಯಲ್ಲಿ ಕುಳಿತು ಓದಿದೆ. ರಾಗ ಅವರಷ್ಟು ಚೆನ್ನಾಗಿ ಬರಲಿಲ್ಲ; ದಕಾರಗಳೆಲ್ಲ ನೆಟ್ಟಗೆ ಬಂದವು. ಅಣ್ಣ ಬಾಗಿಲ ಬಳಿ ನಿಂತು ಕೊನೆಯವರೆಗೆ ಕೇಳಿದ.